ಎದುರು ಬಂದ ಸೈಕಲ್

ಕೊಟ್ಟಿಗೆಯಲ್ಲಿ ಕಟ್ಟಿಗೆಯ ಹಿಂದೆ ಸಿಕ್ಕಿಕೊಂಡಿದ್ದ ಸೈಕಲ್ಲನ್ನು ಪಂಚಶೀಲಾ ಹೊರಗೆಳೆದಾಗ ಅದರ ಬುಟ್ಟಿಯಲ್ಲಿ ಕೋಳಿ ಕಾವಿಗೆ ಕೂತಿತ್ತು. ಎಂಟನೆಯ ತರಗತಿಯಲ್ಲಿ ಸರ್ಕಾರ ಕೊಟ್ಟ ಸೈಕಲ್ಲು. ಓದಲು ಕಲಬುರಗಿ ಸೇರಿದ ಮೇಲೆ ಅವಳು ಅದನ್ನು ತುಳಿದಿರಲಿಲ್ಲ. ಮದುವೆಯಾದಾಗ ಜಿಡಗಾದಿಂದ ಮಣ್ಣೂರಿಗೆ ಪಾತ್ರೆಪಗಡೆಯ ಜೊತೆ ಅದೂ ಟೆಂಪೋ ಏರಿ ಬಂತು, ಕೊಟ್ಟಿಗೆ ಸೇರಿತು.

ಗಂಡ ಪ್ರಬುದ್ಧ ತೀರಿ ಎಂಟು ತಿಂಗಳು. ಐದು ಕಿಲೋಮೀಟರ್ ದೂರದ ಹೈಸ್ಕೂಲಿನಲ್ಲಿ ಅವಳಿಗೆ ಅತಿಥಿ ಶಿಕ್ಷಕಿಯ ಕೆಲಸ ಸಿಕ್ಕಿತ್ತು. ಮೈದುನ ಧಮ್ಮಪಾಲ ಮನಸ್ಸು ಬಂದಾಗ ಬೈಕಿನಲ್ಲಿ ಬಿಟ್ಟುಬರುತ್ತಿದ್ದ. ಎರಡು ಸಲ ಅವಳು ಶಾಲೆ ಮುಟ್ಟುವಷ್ಟರಲ್ಲಿ ಪ್ರಾರ್ಥನೆ ಮುಗಿದಿತ್ತು. ಮುಖ್ಯಶಿಕ್ಷಕಿ ಸುಮಂಗಲಾ ಮುಚ್ಚುಮರೆ ಇಲ್ಲದೆ ಹೇಳಿದ್ದರು, "ಇನ್ನೊಮ್ಮೆ ತಡ ಆದ್ರ ಬ್ಯಾರೆಯವರ ಹೆಸರು ಕಳಸ್ತೇನಿ ಪಂಚಶೀಲಾ."

ಬೈಕಿಗಿಂತ ದೊಡ್ಡ ತೊಡಕು ಓಣಿಯದು. ಬೆಳಿಗ್ಗೆ ಕೆಲಸಕ್ಕೆ ಹೊರಟ ಗಂಡಸಿಗೆ ವಿಧವೆ ಎದುರು ಬಂದರೆ ಅವನು ಮನೆಗೆ ತಿರುಗಿ, ನೀರು ಕುಡಿದು, ತುಸು ಕೂತು ಹೊರಡಬೇಕು. ಅದಕ್ಕೇ ಅತ್ತೆ ರುಕ್ಮಿಣಿಬಾಯಿ ಅವಳನ್ನು ಹಿಂದಿನ ಓಣಿಯಿಂದ ಕಳಿಸುತ್ತಿದ್ದಳು. ಗಟಾರು, ಕಲ್ಲು, ಜಾಲಿಮುಳ್ಳಿನ ದಾರಿ. 'ಇಂಥವನ್ನೆಲ್ಲ ಬಿಟ್ಟು ಬಂದ ಮಂದಿ ನಾವು' ಎಂದು ಪ್ರಬುದ್ಧ ಗೋಡೆಯ ಬುದ್ಧನ ಫೋಟೊ ತೋರಿಸಿ ಹೇಳುತ್ತಿದ್ದ. ಫೋಟೊ ಗೋಡೆಯಲ್ಲಿತ್ತು. ಹಿಂದಿನ ಓಣಿಯೂ ಇತ್ತು.

ಪಂಕ್ಚರ್ ಅಂಗಡಿಯ ಶರಫುದ್ದೀನ ಚಾಚಾ ಸೈಕಲ್ಲನ್ನು ತಲೆಕೆಳಗು ಮಾಡಿ ನೋಡಿದ. "ಟೈರು, ಟ್ಯೂಬು, ಬ್ರೇಕು ಖಲಾಸ್ ಬೇಟಿ. ಬೆಲ್ ಒಂದಽ ಜೀವ ಹಿಡಕೊಂಡೈತಿ." ಎಲ್ಲ ಹೊಸದು ಹಾಕಿದ ಮೇಲೆ ಕೇಳಿದ, "ತುಳಿಯಾಕ ಬರ್ತೈತೇನು ಇನ್ನೂ?"

"ನೋಡೂಣ್ರಿ ಚಾಚಾ."

"ಚೈನು ಸಡಲ ಐತಿ. ಬಿತ್ತಂದ್ರ ತಗೊಂಡು ಬಾ."

ಸೋಮವಾರ ಅವಳು ಯೂನಿವರ್ಸಿಟಿಯ ಕಾಲದ ಚೂಡಿದಾರ ತೊಟ್ಟಳು. ರುಕ್ಮಿಣಿಬಾಯಿ ಬಾಗಿಲಿಗೆ ಅಡ್ಡ ನಿಂತಳು.

"ಹಿಂದಿನ ಓಣಿ ಹಿಡಿ ಬೇ. ಕೈ ಮುಗೀತೇನಿ."

"ಅಲ್ಲಿ ಸೈಕಲ್ ಹೋಗಂಗಿಲ್ಲತ್ತಿ."

"ಹಂಗಾರ ಸೈಕಲ್ ಬಿಡು."

"ಬಿಡಂಗಿಲ್ಲ."

ಕಾಲು ಪೆಡಲ್ ಮರೆತಿರಲಿಲ್ಲ, ಏರುವುದನ್ನು ಮರೆತಿತ್ತು. ಹುಡುಗರು ಕೂತಿದ್ದ ಬೇವಿನ ಕಟ್ಟೆಯ ಮುಂದೆಯೇ ಬಿದ್ದಳು. "ಲೇ, ಮೇಡಂ ಲ್ಯಾಂಡ್ ಆದ್ರು!" ಎಂದು ಕಟ್ಟೆ ನಕ್ಕಿತು. ಅಂಗೈ ತರಚಿತ್ತು. ಅವಳಿಗೆ ಉರಿ ತಿಳಿಯಲಿಲ್ಲ. ಎಂಟು ತಿಂಗಳಿಂದ ಏನೂ ತಿಳಿಯುತ್ತಿರಲಿಲ್ಲ. ಎದ್ದು ಮತ್ತೆ ಏರಿದಳು. ಈ ಸಲ ಚಕ್ರ ಉರುಳಿತು.

ಹೆಂಡತಿ ತೀರಿ ಎರಡು ವರ್ಷವಾಗಿದ್ದ ದತ್ತಪ್ಪ, ಸಂಬಂಧದಲ್ಲಿ ಅವಳಿಗೆ ಮಾವ, ಚೀಲ ಹಿಡಿದು ಅಫಜಲಪುರದ ಬಸ್ಸಿಗೆ ಹೊರಟಿದ್ದ. ಅವಳನ್ನು ಕಂಡದ್ದೇ ಒಳಗೆ ತಿರುಗಿದ. ಕೊಡದ ಸದ್ದು ಕೇಳಿಸಿತು. ಹತ್ತು ಮನೆ ದಾಟುವುದರಲ್ಲಿ ಚೈನು ಬಿತ್ತು. ಅವಳು ಕೈಯಿಂದ ಏರಿಸಲು ನೋಡಿ, ಆಗದೆ, ಸೈಕಲ್ ನೂಕುತ್ತ ಅಂಗಡಿಗೆ ಮರಳಿದಳು. ಆಗಷ್ಟೇ ಹೊಸ್ತಿಲು ದಾಟಿದ್ದ ದತ್ತಪ್ಪ ಮತ್ತೆ ಒಳಗೆ ಹೋದ. ಚೈನು ಬಿಗಿಸಿಕೊಂಡು ಹೊರಟಾಗ ಅವನು ಮೂರನೆಯ ಸಲ ಎದುರಾದ. ಈಗ ಓಣಿಯ ನಡುವೆಯೇ ನಿಂತುಬಿಟ್ಟ.

"ಏನ್ ಬೇ ಇದು! ಎರಡು ತಂಬಿಗಿ ನೀರು ಕುಡಿದೇನಿ. ನನ್ನ ಬಸ್ ಹೋಗ್ತೈತಿ!"

ಕಟ್ಟೆ ಮತ್ತೆ ನಕ್ಕಿತು. ಪಂಚಶೀಲಾ ಒಂದು ಕಾಲು ನೆಲಕ್ಕೂರಿದಳು. ಇಷ್ಟು ದಿನ ಮಾವಂದಿರ ಎದುರು ಅವಳ ಬಾಯಲ್ಲಿ 'ಹ್ಞೂಂ', 'ಇಲ್ಲ' ಬಿಟ್ಟರೆ ಬೇರೆ ಮಾತಿರಲಿಲ್ಲ.

"ನಾನೂ ಕೆಲಸಕ್ಕ ಹೊಂಟೇನ್ರಿ ಮಾವಾರ. ನೀವಽ ನನಗ ಮೂರು ಸಲ ಎದುರು ಬಂದ್ರಿ. ನಾ ಎಷ್ಟು ತಂಬಿಗಿ ಕುಡೀಲಿ?"

"ನಾ ಗಂಡಸು ಬೇ."

"ನಿಮ್ಮ ಮನ್ಯಾಗ ಅತ್ತಿ ಇಲ್ಲ. ನಮ್ಮ ಮನ್ಯಾಗ ಅವರಿಲ್ಲ. ಲೆಕ್ಕ ಒಂದಽ."

ಕಟ್ಟೆಯ ನಗೆ ನಿಂತಿತು. ಅಂಗಡಿಯಿಂದ ಶರಫುದ್ದೀನ ಕೂಗಿದ, "ಸರಿಯೋ ದತ್ತಪ್ಪ! ಬ್ರೇಕ್ ಹೊಸಾವು, ಅವುಕ್ಕ ಭರೋಸಾ ಇಲ್ಲ!"

ದತ್ತಪ್ಪ ಸರಿದ. ದಾರಿ ತೆರವಾಗಿದ್ದರೂ ಅವಳು ಬೆಲ್ ಬಾರಿಸಿದಳು. ಓಣಿಯ ಕೊನೆಯವರೆಗೂ ಬಾರಿಸಿದಳು.

ಕಬ್ಬಿನ ಟ್ರ್ಯಾಕ್ಟರುಗಳ ಪಕ್ಕದಲ್ಲಿ ನುಸುಳುತ್ತ, ಏರಿನಲ್ಲಿ ನೂಕುತ್ತ ಅವಳು ಹೋದಳು. ಮೂರನೆಯ ಕಿಲೋಮೀಟರಿನ ಕಲ್ಲಿನ ಹತ್ತಿರ ಅಂಗೈ ಉರಿಯತೊಡಗಿತು. ಉರಿಯಲಿ ಎಂದುಕೊಂಡು ಹ್ಯಾಂಡಲ್ ಇನ್ನೂ ಬಿಗಿ ಹಿಡಿದಳು.

ಮಕ್ಕಳು ಇನ್ನೂ ಸಾಲು ಕಟ್ಟುತ್ತಿದ್ದರು. ಸುಮಂಗಲಾ ಗಡಿಯಾರ ನೋಡಿ ಹಾಜರಿ ಪುಸ್ತಕ ಮುಂದೆ ಸರಿಸಿದರು. ಸಹಿಯ ಪಕ್ಕ ಕಪ್ಪು ಹೆಬ್ಬೆರಳಿನ ಗುರುತು ಮೂಡಿತು.

"ಇದೇನು ಪಂಚಶೀಲಾ?"

"ಚೈನಿನ ಗ್ರೀಸ್ರಿ."

ಮರುದಿನ ಬೆಲ್ ಕೇಳಿದಾಗ ದತ್ತಪ್ಪ ಹೊಸ್ತಿಲಲ್ಲಿದ್ದ. ಒಳಗೆ ಹೋಗಲಿಲ್ಲ, ಗೋಡೆಯ ಕಡೆ ಮುಖ ತಿರುಗಿಸಿ ನಿಂತ.

ಅವಳು ಇನ್ನೊಮ್ಮೆ ಬಾರಿಸಿದಳು.