ಬೀಗದ ಕೈ ಗೊಂಚಲಿನ ಪೆನ್‌ಡ್ರೈವ್

ನಾನು ಒಂದು ಪೆನ್‌ಡ್ರೈವ್. ಬಣ್ಣ ಕೆಂಪು, ಹೊಟ್ಟೆ ಎಂಟು ಜಿಬಿ. ಹುಟ್ಟಿದ ಊರು ಯಾವುದೆಂದು ಮಾತ್ರ ಕೇಳಬೇಡಿ. ಅದನ್ನು ನನ್ನ ಬೆನ್ನ ಮೇಲೆ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿದ್ದಾರಂತೆ, ಆದರೆ ತಿರುಗಿ ಓದಿಕೊಳ್ಳಲು ನನಗೆ ಕತ್ತಿಲ್ಲ. ಕಣ್ಣು ಬಿಟ್ಟಾಗ ತಿಪಟೂರಿನ ಒಂದು ಮೊಬೈಲ್ ಅಂಗಡಿಯಲ್ಲಿ, ಇಯರ್‌ಫೋನುಗಳ ನಡುವೆ ನೇತಾಡುತ್ತಿದ್ದೆ.

ನನ್ನನ್ನು ಮೊದಲು ಕೊಂಡವನು ಕೊಬ್ಬರಿ ಸಾಗಿಸುವ ಟೆಂಪೋದ ರಂಗಸ್ವಾಮಿ. ನಾನೂರ ಹದಿನಾರು ಹಾಡು ತುಂಬಿಸಿದ. ಅರ್ಧ ಪ್ರೇಮಗೀತೆ, ಅರ್ಧ ದೇವರನಾಮ. ಹಿಂದೆ ಕೊಬ್ಬರಿ ಮೂಟೆ, ಮುಂದೆ ನಾನು. ಗಾಡಿ ಓಡುವುದೇ ನನ್ನಿಂದ ಎಂದು ಆಗ ನಂಬಿಕೊಂಡಿದ್ದೆ. ಒಂದು ರಾಜ್ಯೋತ್ಸವಕ್ಕೆ ಊರಿನ ಮಹಿಳಾ ಸಮಾಜದವರು ಕೋಲಾಟದ ಹಾಡಿಗೆಂದು ನನ್ನನ್ನು ಕೇಳಿ ಪಡೆದರು. ಕೊಟ್ಟವನು ಮರೆತ, ಪಡೆದವರೂ ಮರೆತರು. ಮಾರನೆಯ ದಿನ ಕುರ್ಚಿ ಎಣಿಸಲು ಬಂದ ಅಧ್ಯಕ್ಷೆ ವಿಶಾಲಾಕ್ಷಮ್ಮನವರು ನನ್ನನ್ನು ಎತ್ತಿಕೊಂಡು, ಸೊಂಟದ ಬೀಗದ ಕೈ ಗೊಂಚಲಿಗೆ ಪೋಣಿಸಿಕೊಂಡರು.

ವಿಶಾಲಾಕ್ಷಮ್ಮ ನಿವೃತ್ತ ಹೈಸ್ಕೂಲು ಮೇಡಂ. ಇಪ್ಪತ್ತಾರು ವರ್ಷ ಅವರೇ ಸಮಾಜದ ಅಧ್ಯಕ್ಷೆ. ಆ ಕಟ್ಟಡದ ಯಾವ ಕಿಟಕಿ ಮುಚ್ಚುವುದಿಲ್ಲ, ಯಾವ ಕುರ್ಚಿಗೆ ಕಾಲು ಕುಂಟು ಎಲ್ಲವೂ ಅವರಿಗೆ ಬಾಯಿಪಾಠ. ನಾನು ಗೊಂಚಲಿಗೆ ಬಂದ ಮೂರನೆಯ ವರ್ಷ ಮಂಡಿ ನೋವೆಂದು ಪದವಿ ಬಿಟ್ಟರು. ಅವರದೇ ಹಳೆಯ ಶಿಷ್ಯೆ, ಬಟ್ಟೆ ಹೊಲಿಯುವ ಜಬೀನ್, ಅಧ್ಯಕ್ಷೆಯಾದಳು. ಮೇಡಂ ಅವಳಿಗೆ ಹಾರ ಹಾಕಿದರು, ಫೋಟೋ ತೆಗೆಸಿದರು, ಕುರ್ಚಿ ಬಿಟ್ಟುಕೊಟ್ಟರು. ಆಫೀಸಿನ ಬೀಗದ ಕೈ ಮಾತ್ರ ಸೊಂಟದಲ್ಲೇ ಉಳಿಯಿತು. ಮಂಡಿ ನೋವಿದ್ದರೂ ದಿನಾ ಹತ್ತಕ್ಕೆ ಸರಿಯಾಗಿ ಅವರೇ ಬಂದು ಬಾಗಿಲು ತೆಗೆಯುತ್ತಿದ್ದರು. ಹೊಸ ಅಧ್ಯಕ್ಷೆ ಮೆಟ್ಟಿಲ ಮೇಲೆ ಕಾಯುತ್ತಿದ್ದಳು. ಕೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದಳು, ಕೇಳಲಿಲ್ಲ. ಪಕ್ಕದಲ್ಲೇ ನೇತಾಡುತ್ತಿದ್ದ ನನಗೆ ಅದು ಗೊತ್ತು.

ಜಬೀನಳ ಮೊದಲ ಕೆಲಸವೆಂದರೆ ಹೆಂಗಸರಿಗೆ ಕಂಪ್ಯೂಟರ್ ತರಗತಿ. ಹನ್ನೊಂದು ಜನ ಹೆಸರು ಕೊಟ್ಟರು. ಸೋಮವಾರ ತರಗತಿ ಶುರು ಎನ್ನುವಾಗ ಗುರುವಾರ ಸಮಾಜದ ಕಂಪ್ಯೂಟರ್ ಕೈಕೊಟ್ಟಿತು. ಕಪ್ಪು ಪರದೆ, ಒಂದು ಬಿಳಿ ಗೆರೆ, ಅಷ್ಟೇ. ಜಬೀನ್ ಮೆಕ್ಯಾನಿಕ್‌ಗೆ ಫೋನ್ ಮಾಡಲು ಹೊರಟರೆ ವಿಶಾಲಾಕ್ಷಮ್ಮ ತಡೆದರು. ಆಪರೇಟಿಂಗ್ ಸಿಸ್ಟಂ ಹೊಸದಾಗಿ ಹಾಕಿದರೆ ಆಯಿತು, ಅದನ್ನು ತಾವೇ ಹಾಕುವುದಾಗಿ ಹೇಳಿದರು. ತಾವಿಲ್ಲದೆ ಸಮಾಜ ನಡೆಯುವುದಿಲ್ಲ ಎಂದು ತೋರಿಸಲು ಅವರಿಗೆ ಒಂದು ಅವಕಾಶ ಬೇಕಿತ್ತು. ತೋರಿಸಲಾಗದಿದ್ದರೆ ಮನೆಯಲ್ಲಿ ಮಂಡಿ ನೀವಿಕೊಂಡು ಕೂರಬೇಕಲ್ಲ ಎನ್ನುವ ಹೆದರಿಕೆಯೂ ಇತ್ತು. ಪಾಪ, ಹೆದರಿಕೆ ಎಂದೇ ಹೇಳುತ್ತೇನೆ.

ಮೈಸೂರಿನಲ್ಲಿದ್ದ ಅವರ ಅಕ್ಕನ ಮಗ ಹಾಕುವ ಕ್ರಮವನ್ನು ಫೋನಿನಲ್ಲಿ ಹೇಳಿದ. ಅವರು ನೋಟ್‌ಬುಕ್ಕಿನಲ್ಲಿ ಕೆಂಪು ಮಾರ್ಜಿನ್ ಎಳೆದು, ಕ್ರಮಸಂಖ್ಯೆ ಹಾಕಿ ಬರೆದುಕೊಂಡರು. ಹದಿನಾಲ್ಕನೆಯ ಸಾಲು ‘ಕಂಪ್ಯೂಟರ್ ತಾನೇ ರೀಸ್ಟಾರ್ಟ್ ಆಗುತ್ತದೆ’ ಎಂಬುದು. ಅಷ್ಟರಲ್ಲಿ ಅವನ ಬಸ್ಸು ಬಂತು. ಮುಂದಿನದು ನಿಮಗೇ ಗೊತ್ತಾಗುತ್ತದೆ ಚಿಕ್ಕಮ್ಮ ಎಂದು ಫೋನ್ ಇಟ್ಟ. ಆ ಹದಿನೈದನೆಯ ಸಾಲು ಕೊನೆಗೂ ಬರೆಯಲಿಲ್ಲ ನೋಡಿ, ಎಲ್ಲ ಫಜೀತಿಗೂ ಅದೇ ಕಾರಣ.

ಶುಕ್ರವಾರ ಮನೆಯ ಲ್ಯಾಪ್‌ಟಾಪಿನಲ್ಲಿ ಸಿಸ್ಟಂನ ಫೈಲು ಇಳಿಸಿಕೊಂಡು, ಹಾಡುಗಳ ಪಕ್ಕದಲ್ಲೇ ನನ್ನೊಳಗೆ ಕಾಪಿ ಮಾಡಿದರು. ಸಮಾಜಕ್ಕೆ ಒಯ್ದು ಚುಚ್ಚಿದರೆ ಕಂಪ್ಯೂಟರ್ ನನ್ನನ್ನು ಕ್ಯಾರೇ ಅನ್ನಲಿಲ್ಲ. ಅಡುಗೆ ಪುಸ್ತಕ ತಂದಿಟ್ಟ ಮಾತ್ರಕ್ಕೆ ಒಲೆ ಹೊತ್ತುತ್ತದೆಯೇ? ನನ್ನನ್ನು ಪೂರ್ತಿ ಅಳಿಸಿ, ಅದಕ್ಕೆಂದೇ ಇರುವ ಪ್ರೋಗ್ರಾಂನಿಂದ ಬರೆದರೆ ಮಾತ್ರ ನಾನು ಕಂಪ್ಯೂಟರನ್ನು ಎಬ್ಬಿಸಬಲ್ಲೆ. ಅದು ಅವರ ಆರನೆಯ ಸಾಲಿನಲ್ಲೇ ಇತ್ತು, ಕಣ್ತಪ್ಪಿ ಹಾರಿಸಿಬಿಟ್ಟಿದ್ದರು.

ಶನಿವಾರ ಆರನೆಯ ಸಾಲಿಗೆ ಬಂದರು. ‘ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ’ ಎಂದು ಪರದೆ ಎಚ್ಚರಿಸಿತು. ಪರರ ವಸ್ತು, ಕೇಳದೆ ಅಳಿಸಬಾರದೆಂದು ವಿಶಾಲಾಕ್ಷಮ್ಮ ರಂಗಸ್ವಾಮಿಗೆ ಫೋನ್ ಹಚ್ಚಿದರು. ಅವನು ಅಳುತ್ತಾನೆಂದು ನಾನು ಕಾದೆ.

“ಅವೆಲ್ಲ ಈಗ ಮೊಬೈಲಾಗೇ ಐತೆ ಕಣಮ್ಮ. ಅಳಿಸಾಕಿ,” ಅಂದ.

ಏಳು ನಿಮಿಷದಲ್ಲಿ ನಾನೂರ ಹದಿನಾರು ಹಾಡೂ ಹೋದವು. ನಾನಿಲ್ಲದೆ ಟೆಂಪೋ ಮೂರು ವರ್ಷದಿಂದ ಓಡುತ್ತಲೇ ಇತ್ತಂತೆ. ಅವಮಾನವಾಯಿತು, ಸುಳ್ಳೇಕೆ ಹೇಳಲಿ.

ಭಾನುವಾರ ಬೆಳಗ್ಗೆ ಸಮಾಜದಲ್ಲಿ ನನ್ನ ದರ್ಬಾರು ನಡೆಯಿತು. ಹಾರ್ಡ್‌ಡಿಸ್ಕ್ ಹಿಂದೆ, ಪೆನ್‌ಡ್ರೈವ್ ಮೊದಲು ಎಂದು ವಿಶಾಲಾಕ್ಷಮ್ಮ ಕಂಪ್ಯೂಟರ್ ಏಳುವಾಗ ಹುಡುಕುವ ಸರದಿ ಬದಲಿಸಿದರು. ಪರದೆಯ ಮೇಲೆ ಒಂದು ಸಾಲು ಬಂತು: ಪೆನ್‌ಡ್ರೈವ್‌ನಿಂದ ಆರಂಭಿಸಲು ಯಾವುದಾದರೂ ಬಟನ್ ಒತ್ತಿ. ಒತ್ತಿದರು. ನಾನು ಒಳಗಿದ್ದದ್ದನ್ನೆಲ್ಲ ಬಡಿಸಿದೆ. ಮುಕ್ಕಾಲು ಗಂಟೆಯಲ್ಲಿ ಊಟ ಮುಗಿದು ಕಂಪ್ಯೂಟರ್ ತಾನೇ ರೀಸ್ಟಾರ್ಟ್ ಆಯಿತು. ಮತ್ತೆ ಅದೇ ಸಾಲು ಬಂತು, ಯಾವುದಾದರೂ ಬಟನ್ ಒತ್ತಿ. ಬರೆದದ್ದನ್ನು ಪಾಲಿಸುವುದು ಅವರ ಜನ್ಮಗುಣ, ಮತ್ತೆ ಒತ್ತಿದರು. ಸರದಿಯಲ್ಲಿ ಮೊದಲು ಕೂತವನು ನಾನೇ ಅಲ್ಲವೇ, ಮತ್ತೆ ಮೊದಲಿನಿಂದ ಬಡಿಸಿದೆ. ಹಾಕಿದ್ದ ಸಿಸ್ಟಂ ಅಳಿಸಿ ಅದನ್ನೇ ಹೊಸದಾಗಿ ಹಾಕಿದ್ದಾಯಿತು. ಮೂರನೆಯ ಸಲವೂ ಇದೇ ಕಥೆ. ನನ್ನನ್ನು ಕಿತ್ತುಹಾಕಿ ತಾಯಿ ಎಂದು ಒಳಗೇ ಒದ್ದಾಡಿದೆ. ಮೈ ಕಾದು ದೋಸೆ ಹೆಂಚಾಗಿತ್ತು. ವಿಶಾಲಾಕ್ಷಮ್ಮನ ಕಣ್ಣಲ್ಲಿ ನೀರು ತುಂಬಿತ್ತು.

ಆಗ ಜಬೀನ್ ಫ್ಲಾಸ್ಕಿನಲ್ಲಿ ಚಹಾ ತಂದಳು. ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದಳು. ಮೇಡಂ ಕೈ ಬಟನ್ ಕಡೆ ಹೋದಾಗ ಮೆಲ್ಲಗೆ ಹಿಡಿದಳು.

“ಒತ್ಬೇಡಿ ಮೇಡಂ. ಸಿಸ್ಟಂ ಆಗ್ಲೇ ಒಳಗೆ ಕೂತಿದೆ. ಇದು ಪಕ್ಕದಲ್ಲೇ ಇದ್ದು ಮತ್ತೆ ಮತ್ತೆ ಮೊದಲಿಂದ ಶುರು ಮಾಡಿಸ್ತಿದೆ. ಇದನ್ನ ತೆಗೆದ್ರೆ ಅದು ತಾನೇ ನಡ್ಕೊಂಡು ಹೋಗುತ್ತೆ.”

ಅಂದಮೇಲೆ ಅವಳ ಮುಖ ಕೆಂಪಾಯಿತು. ತಾನು ಏನಂದೆ ಎಂದು ಅವಳಿಗೇ ಆಗ ಹೊಳೆದಿರಬೇಕು. ವಿಶಾಲಾಕ್ಷಮ್ಮ ನನ್ನನ್ನು ನೋಡಿದರು, ಅವಳನ್ನು ನೋಡಿದರು. ಆಮೇಲೆ ತಾವೇ ನನ್ನನ್ನು ಎಳೆದು ತೆಗೆದರು. ಪರದೆ ಒಂದು ಗಳಿಗೆ ಕಪ್ಪಾಗಿದ್ದು, ನೀಲಿಯಾಗಿ ತೆರೆದುಕೊಂಡಿತು. ನಾನು ಹೊರಗಿದ್ದೆ, ಅದು ನಡೆಯುತ್ತಿತ್ತು.

ಅವರು ನನ್ನನ್ನು ಗೊಂಚಲಿಗೆ ಮರಳಿ ಪೋಣಿಸಲು ಹೋಗಿ ನಿಂತರು. ತಲೆಯಿಂದ ಪಿನ್ ತೆಗೆದು ಗೊಂಚಲಿನ ಉಂಗುರ ಬಿಡಿಸಿದರು. ಇಪ್ಪತ್ತಾರು ವರ್ಷ ಕೂತಿದ್ದ ಬೀಗದ ಕೈ ಅಷ್ಟು ಸುಲಭವಾಗಿ ಬರುತ್ತದೆಯೇ? ಕೊನೆಗೂ ಬಂತು. ಅದನ್ನು ಜಬೀನಳ ಅಂಗೈಯಲ್ಲಿಟ್ಟರು.

“ಬಾಗಿಲು ಸ್ವಲ್ಪ ಮೇಲಕ್ಕೆತ್ತಿ, ಎಡಕ್ಕೆ ಒಂದೂವರೆ ಸುತ್ತು…” ಎಂದು ಶುರು ಮಾಡಿದವರು ನಡುವೆಯೇ ಮಾತು ನಿಲ್ಲಿಸಿ, “ಅದೇನೂ ಬೇಡ, ನಿನಗೇ ಗೊತ್ತಾಗುತ್ತೆ ಬಿಡು,” ಅಂದರು.

ಜಬೀನ್ ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅತ್ತಳು. ಮಾರನೆಯ ದಿನ ಹನ್ನೆರಡನೆಯ ಕುರ್ಚಿಯೊಂದನ್ನು ಹಾಕಿಸಿ ಮೇಡಂಗೆ ಹೇಳಿಕಳಿಸಿದಳು. ಅಂದಿನಿಂದ ವಿಶಾಲಾಕ್ಷಮ್ಮ ಆ ತರಗತಿಯ ವಿದ್ಯಾರ್ಥಿನಿ.

ಈಗ ನಾನು ಮೇಡಂ ಮನೆಯ ಹೊಲಿಗೆ ಯಂತ್ರದ ಡ್ರಾಯರಿನಲ್ಲಿದ್ದೇನೆ. ಮುಚ್ಚಳ ಕಳೆದಿದೆ, ಕೆಂಪು ಮಾಸಿದೆ, ಅಕ್ಕಪಕ್ಕ ಬಾಬಿನ್ನು, ಗುಂಡಿಗಳು. ವರ್ಷಕ್ಕೊಮ್ಮೆಯೋ ಎರಡು ಸಲವೋ ಯಾರದಾದರೂ ಕಂಪ್ಯೂಟರ್ ಮಲಗಿದರೆ ಕರೆ ಬರುತ್ತದೆ. ಹೋಗುತ್ತೇನೆ, ಎಬ್ಬಿಸುತ್ತೇನೆ, ಹೊರಗೆ ಬರುತ್ತೇನೆ. ಹೊರಗೆ ಬರುವಾಗ ಮೊದಲಿನ ಹಾಗೆ ಅವಮಾನವಾಗುವುದಿಲ್ಲ.

ಮೊನ್ನೆ ಸಮಾಜದ ಎರಡನೆಯ ಕಂಪ್ಯೂಟರಿಗೆ ನನ್ನನ್ನು ಹಾಕಿದ್ದರು. ಸುತ್ತ ಹನ್ನೊಂದು ಹೆಂಗಸರು, ನಡುವೆ ವಿಶಾಲಾಕ್ಷಮ್ಮ. ಬಡಿಸಿ ಮುಗಿದು ರೀಸ್ಟಾರ್ಟ್ ಆಯಿತು. ಯಾವುದಾದರೂ ಬಟನ್ ಒತ್ತಿ ಎಂದು ಪರದೆ ಕೇಳಿತು. ಹನ್ನೊಂದು ಕೈಗಳು ಮುಂದೆ ಬಂದವು. ವಿಶಾಲಾಕ್ಷಮ್ಮ ತಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡು ಕುಳಿತರು.

“ಏನೂ ಮಾಡ್ಬೇಡ್ರಮ್ಮ,” ಅಂದರು. “ಇದನ್ನೇ ನಾನು ಕಷ್ಟಪಟ್ಟು ಕಲ್ತಿದ್ದು.”