ಆಮೆನ್ ಇಲ್ಲದ ರೆಕಾರ್ಡ್

ವೇಗ ಒಂದೇ ಸಮ ನಿಲ್ಲದ, ರೆಕಾರ್ಡ್ ನುಡಿಸುವ ಟರ್ನ್‌ಟೇಬಲ್ ಯಾವುದೇ ಬರಲಿ, ನಾನು ಮೊದಲು ನೋಡುವುದು ಹಸಿರು ದೀಪವನ್ನು. ಹಾಡಿನ ವೇಗ ಏರಿಸಲು, ಇಳಿಸಲು ಬಲಗಡೆ ಒಂದು ಸ್ಲೈಡರ್ ಇರುತ್ತದೆ. ಅದನ್ನು ನಡುವಿನ ಸೊನ್ನೆಗೆ ತಂದರೆ ಹಸಿರು ದೀಪ ಹೊತ್ತಿಕೊಳ್ಳಬೇಕು. ಹೊತ್ತಿತೆಂದರೆ ಸ್ಲೈಡರಿನ ಮಾತು ಅಲ್ಲಿಗೆ ಮುಗಿಯಿತು; ಆಮೇಲೆ ವೇಗವನ್ನು ಹಿಡಿದಿರುವುದು ಒಳಗಿನ ಸ್ಫಟಿಕದ ಹರಳು. ಆಗ ರೆಕಾರ್ಡ್ ಕೂರುವ ತಟ್ಟೆಯ ಅಂಚಿನ ಚುಕ್ಕಿಗಳು, ತಟ್ಟೆ ತಿರುಗುತ್ತಿದ್ದರೂ, ಕೆಂಪು ಬೆಳಕಿನಲ್ಲಿ ನಿಂತಲ್ಲೇ ನಿಂತಂತೆ ಕಾಣುತ್ತವೆ. ಚುಕ್ಕಿ ಹರಿದರೆ ಶ್ರುತಿ ತಪ್ಪಿದೆ ಎಂದರ್ಥ. ಸಮೋವಾ ಬಿಟ್ಟು ಬಂದು ನೆಲೆಸಿದ ಮಾಂಗೆರೆಯ ನಮ್ಮ ಮನೆಯ ಗ್ಯಾರೇಜಿನಲ್ಲಿ ಇಷ್ಟು ವರ್ಷ ಈ ರಿಪೇರಿ ಕೆಲಸ ಮಾಡಿದ್ದೇನೆ. ಈ ಮಾತು ಸುಳ್ಳಾದದ್ದನ್ನು ಕಂಡದ್ದು ಒಂದೇ ಸಲ.

ಆ ಟರ್ನ್‌ಟೇಬಲ್ ನನ್ನ ಮಗಳು ಫೆತುವಿನದು. ಚಿಕ್ಕಂದಿನಲ್ಲಿ ಬಂದ ಗಂಟಲುನೋವು ಅವಳ ಹೃದಯಕ್ಕೆ ಇಳಿದಿತ್ತು. ಕವಾಟ ಬದಲಿಸಿದರೂ ಉಳಿಯಲಿಲ್ಲ. ದೇವರು ಕೊಟ್ಟವನು, ದೇವರೇ ತೆಗೆದುಕೊಂಡ. ಅವಳ ಜೊತೆಯಲ್ಲಿ ಮದುವೆಗಳಿಗೂ ಕ್ಲಬ್ಬುಗಳಿಗೂ ಹೋಗಿ ರೆಕಾರ್ಡ್ ನುಡಿಸುತ್ತಿದ್ದ ಎನೆಲಿಕೋ, ಅವಳ ಸಮಾಧಿಯ ಕಲ್ಲಿನ ಮುಸುಕು ತೆಗೆಯುವ ಭಾನುವಾರಕ್ಕೆ ಕೆಲವು ದಿನ ಮುಂಚೆ ಆ ಯಂತ್ರವನ್ನು ಹೊತ್ತು ತಂದ. ಕಂಕುಳಲ್ಲಿ ಒಂದು ಕರಿಯ ರೆಕಾರ್ಡೂ ಇತ್ತು. ಫೆತು ತಾನೇ ಕೀರ್ತನೆ ಹಾಡಿ ಗೆಳೆಯನೊಬ್ಬನ ಯಂತ್ರದಲ್ಲಿ ಕೊರೆಸಿದ್ದು. ಬೇರೆ ಪ್ರತಿ ಇಲ್ಲ.

"ಇದು ಮೇಣದ್ ಥರ ಮೆತ್ತಗೆ, ಮಾಮ," ಎಂದ. "ಮುಳ್ಳು ಓಡಿದಾಗೆಲ್ಲ ಒಂಚೂರು ದನಿ ಸವೆಯುತ್ತೆ. ಅದಕ್ಕೇ ನಾನೂ ಕೇಳಿಲ್ಲ."

ಬೇರೆ ಯಂತ್ರದಲ್ಲಿ ಹಾಕೋಣವೆಂದರೆ ನನ್ನ ಹೆಂಡತಿ ಮಾತಾಲೇನಾ ಒಪ್ಪಲಿಲ್ಲ. ಮಗಳ ದನಿ ಮಗಳ ಯಂತ್ರದಲ್ಲೇ ಬರಬೇಕು, ಅದೂ ಅವಳ ಸರಿಯಾದ ಶ್ರುತಿಯಲ್ಲೇ ಬರಬೇಕು ಎಂದು ಹಟ ಹಿಡಿದಳು. ಫೆತು ಹೋದ ಮೇಲೆ ಮಾತಾಲೇನಾ ಹಾಡಿದ್ದೇ ಇಲ್ಲ. ಚರ್ಚಿನಲ್ಲಿ ಎಲ್ಲರೂ ಎದ್ದು ಹಾಡುವಾಗ ಅವಳು ತುಟಿ ಬಿಗಿದು ನಿಲ್ಲುತ್ತಿದ್ದಳು. ನಾನು ಸ್ಕ್ರೂ ಬಿಚ್ಚುತ್ತಿದ್ದಾಗ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತಿದ್ದಳು.

"ಊರೋರ ಮೆಷೀನೆಲ್ಲ ಸರಿಮಾಡ್ತೀಯ, ಮುದುಕಪ್ಪ. ಮಗಳದ್ದು ಬಂದ್ರೆ ಕೈ ನಡುಗುತ್ತಾ?"

ಹಸಿರು ದೀಪ ಹೊತ್ತುತ್ತಿರಲಿಲ್ಲ. ಸ್ಲೈಡರನ್ನು ಎಲ್ಲಿಟ್ಟರೂ ವೇಗ ತೇಲಾಡುತ್ತಿತ್ತು. ತಟ್ಟೆ ಎತ್ತಿ, ಮುಚ್ಚಳ ತೆಗೆದು ನೋಡಿದರೆ ಯಾವುದೋ ಸಿಹಿ ಪಾನಕ ಚೆಲ್ಲಿ ಒಣಗಿ ಅಂಟಾಗಿತ್ತು. ಸ್ಲೈಡರ್ ಓಡುವ ಸಣ್ಣ ಕಂಬಿಗೆ ಒಂದು ಉದ್ದನೆಯ ಕೂದಲು ಸುತ್ತಿಕೊಂಡಿತ್ತು. ಚಿಮಟದಿಂದ ಮೆಲ್ಲಗೆ ಬಿಡಿಸಿದೆ. ಮಾತಾಲೇನಾ ಕೈ ಚಾಚಿ ಅದನ್ನು ಇಸಿದುಕೊಂಡು ತನ್ನ ಬೈಬಲಿನೊಳಗೆ ಇಟ್ಟಳು. ಅಂಟು ತೊಳೆದು, ಸೊನ್ನೆಯ ಜಾಗದ ಕಿಲುಬು ಉಜ್ಜಿ ತೆಗೆದ ಮೇಲೆ ದೀಪ ಹೊತ್ತಿತು. ನನ್ನದೊಂದು ಹಳೆಯ ರೆಕಾರ್ಡ್ ಹಾಕಿ ಮಧ್ಯಾಹ್ನವೆಲ್ಲ ಓಡಿಸಿದೆ. ಚುಕ್ಕಿಗಳು ಅಲುಗಲಿಲ್ಲ. ಕೆಲಸ ಮುಗಿಯಿತೆಂದು ತಿಳಿದೆ.

ಮುಸ್ಸಂಜೆಗೆ ನಮ್ಮಲ್ಲಿ ಸಾ, ಮನೆಮಂದಿಯೆಲ್ಲ ಕೂತು ಮಾಡುವ ಪ್ರಾರ್ಥನೆ. ಸಮೋವಾದ ನಮ್ಮ ಹಳ್ಳಿಯಲ್ಲಿ ಶಂಖ ಊದಿದರೆ ದಾರಿಯಲ್ಲಿದ್ದವರು ಇದ್ದಲ್ಲೇ ಕೂರುತ್ತಾರೆ. ಇಲ್ಲಿ ಪರದೆ ಎಳೆದು ಚಾಪೆ ಹಾಸುತ್ತೇವೆ. ಪ್ರಾರ್ಥನೆಗೆ ಮೊದಲು ಒಬ್ಬರು ಮೊದಲ ದನಿ ಹಿಡಿದು ಕೀರ್ತನೆಯನ್ನು ಎತ್ತಿಕೊಡಬೇಕು. ಎತ್ತಿಕೊಟ್ಟವರು ಆಮೆನ್ ಹಾಡುವ ತನಕ ಚಾಪೆ ಬಿಟ್ಟು ಏಳುವಂತಿಲ್ಲ. ಮಗು ಅತ್ತರೂ ಇಲ್ಲ, ಒಲೆಯ ಮೇಲೆ ಕೆಸುವಿನ ಗಡ್ಡೆ ಸೀದರೂ ಇಲ್ಲ. ನಮ್ಮ ಮನೆಯಲ್ಲಿ ಎತ್ತಿಕೊಡುವುದು ಫೆತುವಿನ ಪಾಲು. ಒಂದು ಎಳೆ ಮೇಲಿನ ಶ್ರುತಿಯಲ್ಲೇ ಹಿಡಿಯುತ್ತಿದ್ದಳು. ಅಷ್ಟು ಮೇಲೆ ಏರಲಾರದೆ ನಾನು ಕೆಮ್ಮುವುದು, ಅವಳು ನಗು ತಡೆಯುವುದು, ಇದು ದಿನದ ಮಾತಾಗಿತ್ತು.

"ಇವತ್ತು ಅವಳೇ ಎತ್ತಿಕೊಡ್ಲಿ," ಎಂದಳು ಮಾತಾಲೇನಾ.

ತಾಯಿಯ ಆಸೆ ಎಂದು ಒಪ್ಪಿದೆ. ನಾನು ಚರ್ಚಿನ ಸಭಾಸೇವಕ, ನಿಯಮ ಬಲ್ಲವನು; ಆದರೂ ಏನು ಕೇಳುತ್ತಿದ್ದಾಳೆಂದು ನನಗೆ ಹೊಳೆಯಲಿಲ್ಲ. ಎನೆಲಿಕೋ ಯಂತ್ರವನ್ನು ಚಾಪೆಯ ಮೇಲೆ, ಫೆತು ಕೂರುತ್ತಿದ್ದ ಜಾಗದಲ್ಲೇ ಇಟ್ಟು ಮುಳ್ಳು ಇಳಿಸಿದ.

ದನಿ ಬಂತು. ತಗ್ಗಿದ ದನಿ. ಪದ ಪದಕ್ಕೂ ಉಸಿರು ಎಳೆದುಕೊಳ್ಳುತ್ತಿತ್ತು. ಮಾತಾಲೇನಾ ನನ್ನ ಕಡೆ ತಿರುಗಿದಳು. "ಇದು ಅವಳಲ್ಲ. ನಿನ್ ಮೆಷೀನು ಇನ್ನೂ ಸರಿಯಾಗಿಲ್ಲ."

ನಾನು ಬಗ್ಗಿ ನೋಡಿದೆ. ದೀಪ ಹಸಿರಾಗಿತ್ತು. ಚುಕ್ಕಿಗಳು ನಿಂತಿದ್ದವು.

ಎನೆಲಿಕೋ ತಲೆ ತಗ್ಗಿಸಿದ. "ಮೆಷೀನ್ ಸರಿಯಾಗಿದೆ, ಅತ್ತೆ. ಆಪರೇಷನ್ನಿಗೆ ಹೋಗೋ ಮುಂಚೆ ಹಾಡಿದ್ದು. ಆಗ ಅವಳಿಗೆ ಉಸಿರೇ ಇರ್ಲಿಲ್ಲ."

ಮಾತಾಲೇನಾ ಯಂತ್ರದ ಕಡೆ ತಿರುಗಿದಳು. ಆಮೇಲೆ ಬಾಯಿ ತೆರೆದು ಹಾಡಿದಳು, ಫೆತು ಗಟ್ಟಿಮುಟ್ಟಾಗಿದ್ದಾಗ ಹಿಡಿಯುತ್ತಿದ್ದ ಆ ಮೇಲಿನ ಶ್ರುತಿಯಲ್ಲಿ.

ಚುಕ್ಕಿಗಳು ಹರಿಯತೊಡಗಿದವು.

ರೆಕಾರ್ಡಿನ ದನಿ ಮೆಲ್ಲಮೆಲ್ಲನೆ ಏರಿ ತಾಯಿಯ ದನಿಯನ್ನು ಮುಟ್ಟಿತು. ಮುಟ್ಟಿ ಅಲ್ಲೇ ನಿಂತಿತು. ಒಂದು ರೆಕಾರ್ಡಿನ ನಡೆಗೆ ಇನ್ನೊಂದನ್ನು ತಂದು ಕೂಡಿಸುವುದೇ ಫೆತುವಿನ ಕಸುಬಾಗಿತ್ತು. ಹಸಿರು ದೀಪ ಆರಿರಲಿಲ್ಲ. ಸ್ಲೈಡರ್ ಸೊನ್ನೆಯಲ್ಲೇ ಇತ್ತು. ಎನೆಲಿಕೋ ಎರಡೂ ಕೈ ಮೇಲೆತ್ತಿ, "ನಾನು ಮುಟ್ಟಿಲ್ಲ, ಮಾಮ," ಎಂದು ಪಿಸುಗುಟ್ಟಿದ. ಸಾಲಿನ ಕೊನೆಯಲ್ಲಿ ಮಾತಾಲೇನಾ ಉಸಿರಿಗಾಗಿ ನಿಂತಾಗ ತಟ್ಟೆ ನಿಧಾನವಾಯಿತು, ಕಾಯಿತು, ಅವಳು ಹಿಡಿದಾಗ ಮತ್ತೆ ಜೊತೆಗೂಡಿತು. ದನಿಯಲ್ಲಿ ಈಗ ಏದುಸಿರು ಇರಲಿಲ್ಲ. ನನ್ನ ಮಗಳು, ಕಾಯಿಲೆ ಬೀಳುವ ಮುಂಚಿನ ನನ್ನ ಮಗಳು, ಚಾಪೆಯ ಮೇಲಿದ್ದಳು.

ಎರಡು ಚರಣಕ್ಕೆ ರೆಕಾರ್ಡಿನ ಜಾಗ ಮುಗಿಯಿತು. ಕೊರೆಯುವಾಗ ಆಮೆನ್‌ಗೆ ಎಡೆ ಉಳಿದಿರಲಿಲ್ಲವೆಂದು ಎನೆಲಿಕೋ ಮೊದಲೇ ಹೇಳಿದ್ದ. ಮುಳ್ಳು ಒಳಗಿನ ಬರಿಯ ಸುತ್ತಿನಲ್ಲಿ ಸೇರಿಕೊಂಡು ಟಿಕ್ ಟಿಕ್ ಎಂದು ತಿರುಗುತ್ತಿತ್ತು. ಮಾತಾಲೇನಾ ನಿಲ್ಲಿಸಲಿಲ್ಲ. ಮೊದಲ ಚರಣಕ್ಕೆ ಮರಳಿದಳು. ಏನೂ ಕೊರೆಯದ ಆ ಸುತ್ತಿನಿಂದ ಫೆತುವಿನ ದನಿ ಅವಳ ಜೊತೆ ಎದ್ದಿತು.

ಆಗ ನನಗೆ ತಿಳಿಯಿತು. ಸಾ ಹೊತ್ತಿನಲ್ಲಿ ಕೀರ್ತನೆ ಎತ್ತಿಕೊಡಲು ನಾವೇ ಅವಳನ್ನು ಕರೆದಿದ್ದೆವು. ಎತ್ತಿಕೊಟ್ಟವಳು ಆಮೆನ್ ತನಕ ಏಳುವಂತಿಲ್ಲ. ಅದು ಮಾತಾಲೇನಾಗೂ ಗೊತ್ತಿತ್ತು. ಬಹುಶಃ ನನಗಿಂತ ಮೊದಲೇ. ಚರಣ ಮುಗಿದಂತೆ ಅವಳು ಮತ್ತೆ ಮೊದಲಿಗೆ ಹೋಗುತ್ತಿದ್ದಳು, ದನಿಯೂ ಹೋಗುತ್ತಿತ್ತು. ಮಾತಾಲೇನಾಳ ಗಂಟಲು ಒಡೆಯಿತು. ಆ ದನಿಗೆ ಮಾತ್ರ ದಣಿವಿರಲಿಲ್ಲ.

"ಮಾತಾಲೇನಾ, ಸಾಕು ಕಣೇ. ಅವಳು ಏಳ್ಬೇಕು."

ಅವಳು ಹಾಡುತ್ತಲೇ ತಲೆಯಾಡಿಸಿದಳು, ಇಲ್ಲ ಎಂದು. ಅವಳ ಕಣ್ಣಿನಲ್ಲಿದ್ದ ಬೇಡಿಕೆಯನ್ನು ನಾನು ಈ ಜನ್ಮದಲ್ಲಿ ಮರೆಯಲಾರೆ. ನನಗೂ ಅದೇ ಬೇಕಿತ್ತು. ಆದರೆ ದೇವರದ್ದನ್ನು ಚಾಪೆಯ ಮೇಲೆ ಕಟ್ಟಿಹಾಕಿಕೊಳ್ಳುವುದು ಹೇಗೆ? ಚರಣದ ಕೊನೆಯಲ್ಲಿ ನಾನು ದನಿ ಎತ್ತಿದೆ. ನನ್ನಿಂದಾಗದ ಆ ಮೇಲಿನ ಶ್ರುತಿಯಲ್ಲೇ, ಕೆಮ್ಮದೆ, ಆಮೆನ್ ಹಾಡಿದೆ. ಎನೆಲಿಕೋ ದನಿಗೂಡಿಸಿದ. ಮಾತಾಲೇನಾ ಬಾಯಿ ಮುಚ್ಚಿಕೊಂಡಳು.

ಚುಕ್ಕಿಗಳು ನಿಂತವು. ಮುಳ್ಳಿನ ಟಿಕ್ ಟಿಕ್ ಒಂದೇ ಉಳಿಯಿತು.

ಮಾತಾಲೇನಾ ನನ್ನೊಡನೆ ಮಾತು ಬಿಟ್ಟಳು; ಹಾಗೇ ಭಾನುವಾರ ಬಂತು. ಕಲ್ಲಿನ ಮುಸುಕು ತೆಗೆದು, ಚರ್ಚಿನ ಸಭಾಂಗಣದಲ್ಲಿ ಎಲ್ಲರೂ ಕೂತ ಮೇಲೆ ಎನೆಲಿಕೋ ಅದೇ ರೆಕಾರ್ಡ್ ಹಾಕಿದ. ಎರಡು ಚರಣ, ತಗ್ಗಿದ ದನಿ, ಏದುಸಿರು. ಅದು ಅವಳ ನಿಜವಾದ ಕೊನೆಯ ದನಿ. ಆಮೇಲೆ, ಏನೂ ಕೊರೆಯದ ಆ ಬರಿಯ ಸುತ್ತಿನಲ್ಲಿ, ಒಂದು ಎಳೆ ಮೇಲಿನ ಶ್ರುತಿಯಲ್ಲಿ, ಫೆತು ಒಬ್ಬಳೇ ಆಮೆನ್ ಹಾಡಿದಳು.

ಸಭೆಯಲ್ಲಿ ಯಾರೂ ತಲೆ ಎತ್ತಲಿಲ್ಲ. ಕೀರ್ತನೆ ಎಂದಮೇಲೆ ಆಮೆನ್ ಇದ್ದೇ ಇರುತ್ತದಲ್ಲ. ಎನೆಲಿಕೋ ಮಾತ್ರ ಮುಳ್ಳಿನ ಮೇಲೆ ಕೈ ಹಿಡಿದವನು ಹಾಗೇ ನಿಂತುಬಿಟ್ಟ. ಮಾತಾಲೇನಾ ನನ್ನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಮುಂದಿನ ಕೀರ್ತನೆಯನ್ನು ಅವಳೇ ಎತ್ತಿಕೊಟ್ಟಳು.