ಎರಡು ಬಟ್ಟಲು

ಕೊನೆಯ ಜೇನುಪೆಟ್ಟಿಗೆಯನ್ನು ಲಾರಿಗೇರಿಸಿ ಹಗ್ಗ ಬಿಗಿಯುತ್ತಿದ್ದ ಗಿಲ್‌ಮಾನ್, "ಬೋರಾ ಅಮ್ಮಾ, ಪಾತ್ರೆ ಡಬ್ಬಿ ಎಲ್ಲಿ?" ಎಂದು ಮಗಳ ಹೆಸರು ಹಿಡಿದು ಹೆಂಡತಿಯನ್ನು ಕೇಳಿದ. ಹೆಂಡತಿ ಒಕ್‌ಸುನ್ ಅಡುಗೆಮನೆಯ ಬಾಗಿಲು ಬಿಟ್ಟು ಕದಲಲಿಲ್ಲ. ಹುಳುಗಳ ಹತ್ತಿರ ಹೋಗಬೇಡಿ ಎಂದು ಡಾಕ್ಟರು ಹೇಳಿ ಹನ್ನೆರಡು ದಿನವಾಗಿತ್ತು.

ಅಕೇಶಿಯ ಹೂವು ದಕ್ಷಿಣದಿಂದ ಉತ್ತರಕ್ಕೆ ಅರಳುತ್ತ ಹೋದಂತೆ ಮೂವತ್ತೊಂದು ವರ್ಷ ಇವರ ಡೇರೆಯೂ ಅದರ ಹಿಂದೆ ಸರಿದಿತ್ತು. ಅವಳಿಗೆ ಮಂಡಿನೋವು ಶುರುವಾದ ಮೇಲೆ ಪ್ರತಿ ವಸಂತದಲ್ಲೂ ಗಿಲ್‌ಮಾನ್ ಚಿಮಟದಲ್ಲಿ ಹುಳು ಹಿಡಿದು ಮದ್ದೆಂದು ಮಂಡಿಗೆ ಕುಟುಕಿಸುತ್ತಿದ್ದ, ಎಡಕ್ಕೆರಡು, ಬಲಕ್ಕೆರಡು. ಅವನ ಅಪ್ಪನೂ ಅಮ್ಮನಿಗೆ ಹಾಗೇ ಮಾಡುತ್ತಿದ್ದನಂತೆ. ಈ ಮಾರ್ಚಿನಲ್ಲಿ ಮೂರನೆಯದಕ್ಕೇ ಅವಳ ನಾಲಿಗೆ ದಪ್ಪವಾಗಿ ಉಸಿರು ಕಟ್ಟಿತು. ಕಣ್ಣು ಬಿಟ್ಟದ್ದು ಆಸ್ಪತ್ರೆಯಲ್ಲಿ.

ತಿಂಗಳು ಬಿಟ್ಟು ಇಬ್ಬರ ರಕ್ತವನ್ನೂ ಪರೀಕ್ಷಿಸಿದರು. ದಿನವೂ ಕುಟುಕಿಸಿಕೊಳ್ಳುವ ಅವನ ರಕ್ತದಲ್ಲಿ ವಿಷದಿಂದ ಕಾಪಾಡುವ ಅಂಶ ತುಂಬಿತ್ತು. ಅಪರೂಪಕ್ಕೆ ಕುಟುಕಿಸಿಕೊಂಡ ಇವಳ ರಕ್ತದಲ್ಲಿ ಏರಿದ್ದು ವಿಷ ಕಂಡರೆ ಕೆರಳುವ ಐಜಿಇ ಎಂಬ ಅಲರ್ಜಿಯ ಅಂಶ. ಐದು ವರ್ಷ ಆ ವಿಷವನ್ನೇ ಸ್ವಲ್ಪಸ್ವಲ್ಪವಾಗಿ ಇಂಜೆಕ್ಷನ್ ಕೊಡಬೇಕು, ಪಟ್ಟಣಕ್ಕೆ ಬರುತ್ತಿರಬೇಕು ಎಂದರು ಡಾಕ್ಟರು.

"ವಿಷಕ್ಕೂ ಅಷ್ಟು ದೂರ ಹೋಗ್ಬೇಕಾ? ನಮ್ಮತ್ರ ಇರೋದು ಬರೀ ಜೇನುತುಪ್ಪಾನಾ?" ಎಂದು ಗಿಲ್‌ಮಾನ್ ಬಸ್ಸಿನಲ್ಲಿ ನಕ್ಕಿದ್ದ. ಅವಳೂ ನಕ್ಕಿದ್ದಳು. ಹುಳುಗಳ ಹತ್ತಿರ ಹೋಗಬೇಡಿ ಎಂಬ ಡಾಕ್ಟರ ಮಾತು ಕಿವಿಗೆ ಬಿದ್ದಾಗ ತನ್ನೊಳಗೆ ಯಾರೋ ಉಸ್ಸೆಂದು ಕುಕ್ಕರಿಸಿ ಕೂತಂತಾಗಿದ್ದನ್ನು ಮಾತ್ರ ಅವಳು ಹೇಳಿರಲಿಲ್ಲ.

ಅವನೀಗ ಅಂಗಳಕ್ಕೆ ಬಂದು, ದೂರದಲ್ಲೇ ನಿಂತು ಅಂಗಿ ಕೊಡವಿಕೊಂಡ.

"ಡೇರೆಯೊಳಗೇ ಅನ್ನ ಮಾಡ್ಕೊಂಡಿರು. ಉಸಿರು ಕಟ್ಟಿದ್ರೆ ಚುಚ್ಕೊಳ್ಳೋಕೆ ಆಸ್ಪತ್ರೆಯವರು ಕೊಟ್ಟ ಸೂಜಿ ಇದೆಯಲ್ಲ."

"ನಾನು ಬರಲ್ಲ ರೀ."

"ಭಯಾನಾ?"

ಹೌದೆಂದುಬಿಟ್ಟರೆ ಅವನಿಗೆ ಸುಲಭವಾಗುತ್ತಿತ್ತು. "ಸುಸ್ತಾಗಿದೆ," ಎಂದಳು.

ಅವನು ಅವಳ ಮುಖ ನೋಡಲಿಲ್ಲ, ಮಂಡಿ ನೋಡಿದ. "ನಾನೇ ಅಲ್ವಾ ಕುಟುಕಿಸಿದ್ದು."

"ನೋವು ಕಡಿಮೆ ಆಗ್ತಿತ್ತು ಬಿಡಿ," ಎಂದಳು. ಅದು ಪೂರ್ತಿ ನಿಜವಾಗಿರಲಿಲ್ಲ.

ಒಳಗೆ ಹೋಗಿ ಪಾತ್ರೆ ಡಬ್ಬಿ ತೆರೆದಳು. ಎರಡು ಸ್ಟೀಲ್ ಬಟ್ಟಲುಗಳಲ್ಲಿ ಒಂದನ್ನು, ಒಂದು ಚಮಚವನ್ನು, ಒಂದು ಜೊತೆ ಊಟದ ಕಡ್ಡಿಯನ್ನು ತೆಗೆದಿಟ್ಟಳು. ಡಬ್ಬಿಯನ್ನು ಹೊಸ್ತಿಲ ಮೇಲಿಟ್ಟು ಹಿಂದೆ ಸರಿದಳು. ಅವನು ಎತ್ತಿಕೊಂಡ. ಹಗುರವಾದದ್ದು ತಿಳಿದಿರಬೇಕು, ಒಂದು ಗಳಿಗೆ ನಿಂತು, ಲಾರಿಯತ್ತ ನಡೆದ.

ಮುಸ್ಸಂಜೆಯಲ್ಲಿ ಲಾರಿ ಇಳಿಜಾರಿನ ಕಲ್ಲುದಾರಿ ಹಿಡಿಯಿತು. ಪ್ರತಿ ವರ್ಷ ಈ ದಾರಿಯಲ್ಲಿ ಸೀಟಿನ ಹಿಂದೆ ಬಟ್ಟಲಿಗೆ ಬಟ್ಟಲು ತಾಗಿ ಸದ್ದಾಗುತ್ತಿತ್ತು. ಒಕ್‌ಸುನ್ ಕೈಯಲ್ಲಿ ಬಟ್ಟಲು ಹಿಡಿದು, ಲಾರಿ ತಿರುವು ದಾಟುವ ತನಕ ಕಿವಿಗೊಟ್ಟು ನಿಂತಳು. ಇಂಜಿನ್ನಿನದು ಬಿಟ್ಟರೆ ಬೇರೆ ಸದ್ದಿರಲಿಲ್ಲ.